ನಾನು ಸೇರಿಸಿದ ಒಂದು ಕಾಲಂ

ಆ ಗಣತಿ ಚೀಟಿಯನ್ನು ನಂಬುವುದಾದರೆ, ಎರಡು ವರ್ಷದ ಹುಡುಗಿಯೊಬ್ಬಳು ಸೋಲಾಪುರದಿಂದ ಒಬ್ಬಳೇ ನಾರಾಯಣಖೇಡಕ್ಕೆ ವಲಸೆ ಬಂದಿದ್ದಳು. ಮೂರು ಸಲ ಓದಿದೆ. ಹೆಸರು, ವಯಸ್ಸು, ಮನೆ ನಂಬರು, ಹುಟ್ಟಿದ ಊರು. ಬರವಣಿಗೆ ಸ್ಪಷ್ಟವಾಗಿತ್ತು.

ಗಣತಿ ಮುಗಿದು ವರ್ಷವಾಗಿತ್ತು. ಜಹೀರಾಬಾದಿನ ಸ್ಟೇಷನ್ ಹತ್ತಿರ ಒಂದು ಬಾಡಿಗೆ ಮನೆಯಲ್ಲಿ ನಮ್ಮ ಕಚೇರಿ. ಜಹೀರಾಬಾದ್, ನಾರಾಯಣಖೇಡ್, ತಾಂಡೂರು ಈ ಮೂರು ಕಡೆಯ ಚೀಟಿಗಳಲ್ಲಿ ನಿಜಾಮರ ರಾಜ್ಯದ ಹೊರಗೆ ಹುಟ್ಟಿದವರ ಚೀಟಿಗಳನ್ನು ಆರಿಸಿ, ಕೆಂಪು ದಾರದಲ್ಲಿ ಕಟ್ಟಿ ನನ್ನ ಮೇಜಿನ ಮೇಲೆ ಇಟ್ಟಿದ್ದರು. ಹೊರಗಿನವರು ಎಷ್ಟು ಜನ ಬಂದಿದ್ದಾರೆ, ಎಲ್ಲಿಂದ ಬಂದಿದ್ದಾರೆ, ಏನು ಮಾಡುತ್ತಿದ್ದಾರೆ ಎಂಬ ವರದಿಯ ಕರಡು ಬರೆಯುವುದು ನನ್ನ ಕೆಲಸ. ಆ ವರದಿಯ ಮೇಲೆ ಒಂದು ಹುಕುಂ ಹೊರಡುವುದಿತ್ತು. ತಾತ್ಕಾಲಿಕ ನೌಕರಿಯಲ್ಲಿರುವ ಪ್ರತಿಯೊಬ್ಬನೂ ತಾನು ಮುಲ್ಕಿ, ಅಂದರೆ ಈ ರಾಜ್ಯದವನು, ಎಂದು ಸಾಬೀತು ಮಾಡಬೇಕು. ಮಾಡಿದವನು ಕಾಯಂ. ಆಗದವನು ಜಾಗ ಖಾಲಿ ಮಾಡಬೇಕು. ನಾನೂ ತಾತ್ಕಾಲಿಕ ನೌಕರನೇ.

ಆಗ ಎಲ್ಲರ ಬಾಯಲ್ಲೂ ಹೊರಗಿನವರದೇ ಮಾತು. ಹೊರಗಿನವರು ಬಂದು ನಮ್ಮ ನೌಕರಿ ನುಂಗಿದರು ಎಂದು ಒಂದು ಗುಂಪು. ಸರ್ಕಾರವೇ ಹೊರಗಿನವರನ್ನು ತಂದು ತುಂಬುತ್ತಿದೆ ಎಂದು ಇನ್ನೊಂದು ಗುಂಪು. ಇಬ್ಬರ ಕೈಯಲ್ಲೂ ಇದ್ದದ್ದು ಇದೇ ಕೆಂಪು ದಾರದ ಕಟ್ಟಿನ ಅಂಕಿ. ನನಗೆ ಇಬ್ಬರ ಮೇಲೂ ನಂಬಿಕೆ ಇರಲಿಲ್ಲ. ಕಲಬುರ್ಗಿಯ ಶಾಲೆಯಲ್ಲಿ ನಮಗೆ ಚರ್ಚೆ ಕಲಿಸಿದ ಮಾಸ್ತರರು ಹೇಳುತ್ತಿದ್ದರು: ಅಂಕಿ ಕಂಡರೆ ಎಷ್ಟು ಎಂದು ಕೇಳಬೇಡ, ಯಾವ ಪ್ರಶ್ನೆಗೆ ಬಂದ ಉತ್ತರ ಎಂದು ಕೇಳು. ಆ ಮಾತನ್ನು ನಾನು ಗಟ್ಟಿಯಾಗಿ ಹಿಡಿದಿದ್ದೆ. ಈ ಬರಹ ಪೂರ್ತಿ ಅದರದೇ ಕಥೆ.

ಕಟ್ಟುಗಳನ್ನು ಬಿಚ್ಚಿ ಮನೆ ನಂಬರಿನ ಪ್ರಕಾರ ಮತ್ತೆ ಜೋಡಿಸಿದೆ. ಎರಡು ವಾರ ಹಿಡಿಯಿತು. ತಾಂಡೂರಿನ ಚೀಟಿಗಳಲ್ಲಿ ನಿಜವಾದ ವಲಸೆ ಕಾಣುತ್ತಿತ್ತು: ಮದ್ರಾಸ್ ಕಡೆಯ ರೈಲ್ವೆಯವರು, ಮಾರವಾಡದ ವ್ಯಾಪಾರಿಗಳು. ಅಂಥವರು ಸಂಸಾರ ಸಮೇತ ಬಂದಿರುತ್ತಾರೆ, ಇಲ್ಲವೇ ದುಡಿಯುವ ವಯಸ್ಸಿನಲ್ಲಿ ಒಂಟಿಯಾಗಿ ಬಂದಿರುತ್ತಾರೆ. ಉಳಿದವರ ಗುಂಪು ಬೇರೆಯೇ ಇತ್ತು. ಒಂದು ಮನೆಗೆ ಒಬ್ಬನೇ ಹೊರಗಿನವ. ಅವನ ತಂದೆ, ತಮ್ಮಂದಿರು, ತಂಗಿಯರು ಎಲ್ಲರೂ ಒಳಗಿನವರು. ವಯಸ್ಸು ಎರಡರಿಂದ ನಲವತ್ತರವರೆಗೆ ಎಷ್ಟಾದರೂ ಇರಬಹುದು, ಆದರೆ ಮನೆಯ ಮಕ್ಕಳಲ್ಲಿ ಅವನೇ ಹಿರಿಯ. ಒಂದೆರಡು ಮನೆ ಹೀಗಿದ್ದರೆ ಬಿಡಬಹುದಿತ್ತು. ನಾರಾಯಣಖೇಡದ ಕಟ್ಟಿನಲ್ಲಿ ಅರ್ಧಕ್ಕಿಂತ ಹೆಚ್ಚು ಮನೆ ಹೀಗೇ.

ನಮ್ಮ ಕಚೇರಿಯ ಸಾಹೇಬರ ಮುಂದೆ ಹೋದೆ. ಸಾಹೇಬರು ಬೀದರಿನವರು. ನನ್ನ ವಾದದ ಚಟ ಅವರಿಗೆ ಗೊತ್ತಿತ್ತು.

"ಏನಪಾ ಬಹಸ್ ಬಹಾದ್ದೂರ್, ನಿನಗ ಚೀಟಿ ವಿಂಗಡಸಾಕ ಇಟ್ಟಾರೋ, ವಾದ ಮಾಡಾಕ ಇಟ್ಟಾರೋ?"

"ಸಾಹೇಬ್ರ, ಎರಡ ವರ್ಷದ ಕೂಸು ತಾನಾಗೇ ರೈಲು ಹತ್ತಿ ಬರ್ತದೇನ್ರಿ?"

ಅವರು ಚೀಟಿ ನೋಡಿದರು. ನಕ್ಕರು. "ಹೋಗು, ನೋಡಿ ಬಾ. ಹದಿನೈದ ದಿನ ಕೊಡ್ತೀನಿ. ಹದಿನಾರನೇ ದಿನ ಕರಡು ನನ್ನ ಮೇಜಿನ ಮ್ಯಾಲ ಇರಬೇಕು."

ನಾರಾಯಣಖೇಡದ ಸುತ್ತಿನ ಹಳ್ಳಿಗಳಿಗೆ ನನ್ನ ಜೊತೆ ಸಿಡುಬಿನ ಟೀಕೆ, ಅಂದರೆ ಲಸಿಕೆ, ಹಾಕುವವನನ್ನು ಕಳಿಸಿದರು. ಊರೂರಿನ ಪ್ರತಿ ಮನೆಯೂ ಗೊತ್ತಿರುವ ಸರ್ಕಾರದ ಆಳು ಅವನೊಬ್ಬನೇ. ಮೂವತ್ತೈದರ ಆಸುಪಾಸು, ಹೆಂಡತಿ, ಮೂರು ಮಕ್ಕಳು. ಹನ್ನೆರಡು ವರ್ಷದಿಂದ ಅದೇ ಕೆಲಸ, ಹನ್ನೆರಡು ವರ್ಷದಿಂದಲೂ ತಾತ್ಕಾಲಿಕ. ಟೀಕೆಯ ಸೂಜಿ, ಔಷಧದ ಗಾಜಿನ ಕೊಳವೆಗಳ ತಗಡಿನ ಪೆಟ್ಟಿಗೆಯನ್ನು ಹೆಗಲಿಗೆ ಹಾಕಿಕೊಂಡು ನನಗಿಂತ ಹತ್ತು ಹೆಜ್ಜೆ ಮುಂದೆ ನಡೆಯುತ್ತಿದ್ದ. ಕೂಸುಗಳು ಅವನನ್ನು ಕಂಡ ಕೂಡಲೇ ಅಳುತ್ತಿದ್ದವು.

"ನನ್ನ ಮಾರಿ ನೋಡಿ ಅಳ್ತಾವ್ರಿ," ಅಂದ. "ನಿಮ್ಮನ್ನ ನೋಡಿ ದೊಡ್ಡೋರು ಅಳ್ತಾರ. ಒಟ್ಟ ನಾವಿಬ್ರೂ ಕೂಡಿ ಹೋದ್ವಂದ್ರ ಮನಿಮಂದಿಯೆಲ್ಲ ಅಳ್ತದ."

ಮೊದಲು ಹೋದದ್ದು ಅವನದೇ ಊರಿಗೆ, ಎಣ್ಣೆ ಗಾಣದವರ ಮನೆಗೆ. ಆ ಮನೆಯಲ್ಲಿ ಇಬ್ಬರು ಗಂಡುಮಕ್ಕಳು. ಕಿರಿಯ ಜಂಗಲ್ ಇಲಾಖೆಯಲ್ಲಿ ಗಾರ್ಡು. ಹಿರಿಯನ ಅರ್ಜಿ ಮೂರು ಸಲ ವಾಪಸ್ ಬಂದಿತ್ತು. ಕಾರಣ, ಹುಟ್ಟಿದ ಊರು ಸೋಲಾಪುರ. ಅವರ ತಾಯಿ ಅಂಗಳದಲ್ಲಿ ಜೋಳ ಹಸನು ಮಾಡುತ್ತಿದ್ದಳು.

"ಯವ್ವಾ, ಹಿರೇ ಮಗ ಸೋಲಾಪುರದಾಗ ಹ್ಯಾಂಗ ಹುಟ್ಟಿದ?" ಎಂದು ಕೇಳಿದೆ.

ಮೊರ ಕೆಳಗಿಟ್ಟು ನನ್ನನ್ನು ನೋಡಿದಳು. "ಚೊಚ್ಚಲು ಹಡ್ಯಾಕ ತವರಿಗಿ ಹೋಗಲಾರ್ದ ಎಲ್ಲಿಗಿ ಹೋಗಬೇಕೋ ತಮ್ಮಾ? ನಿಮ್ಮವ್ವ ನಿನ್ನ ಕಚೇರ್ಯಾಗ ಹಡದಾಳೇನು?"

ಟೀಕೆಯವನು ಬಾಯಿಗೆ ಟವೆಲು ಒತ್ತಿಕೊಂಡ. ಗಾಣದ ಎತ್ತು ತಿರುಗುತ್ತಲೇ ಇತ್ತು.

ಇಷ್ಟೇ ಇದ್ದದ್ದು. ನಮ್ಮ ಕಡೆಯ ಎಷ್ಟೋ ಮನೆಗಳು ಸೋಲಾಪುರದ ಗಿರಣಿಗಳಿಗೆ ದುಡಿಯಲು ಹೋಗಿದ್ದವು. ಹೋದವರು ಹೆಣ್ಣುಮಕ್ಕಳನ್ನು ಮತ್ತೆ ಸೋದರಮಾವಂದಿರಿಗೋ ಹಳೇ ಬೀಗರಿಗೋ, ಈ ಕಡೆಯೇ ಕೊಟ್ಟರು. ಆ ಹೆಣ್ಣುಮಕ್ಕಳು ಚೊಚ್ಚಲು ಬಾಣಂತನಕ್ಕೆ ತವರಿಗೆ ಹೋದರು. ಐದನೇ ತಿಂಗಳಿಗೆ ತೊಟ್ಟಿಲು ಸಮೇತ ಮರಳಿದರು. ಎರಡನೆಯದು, ಮೂರನೆಯದು ಗಂಡನ ಮನೆಯಲ್ಲೇ ಹುಟ್ಟಿತು. ಇಲ್ಲಿಂದ ಹೊರಗೆ ಹೋದವರ ಮೊಮ್ಮಕ್ಕಳನ್ನು ನಮ್ಮ ಗಣತಿ ಹೊರಗಿನಿಂದ ಒಳಗೆ ಬಂದವರು ಎಂದು ಎಣಿಸಿತ್ತು. ಮದುವೆಯಾಗಿ ಬಂದ ಹೆಂಗಸರ ಚೀಟಿಗಳನ್ನು, ಗಂಡನ ಊರೇ ಅವರ ಊರು ಎಂದು, ಮೊದಲೇ ಬೇರೆ ತೆಗೆದಿಟ್ಟಿದ್ದರು. ಹಾಗಾಗಿ ತಾಯಿಯ ಹುಟ್ಟೂರೂ ಮಗುವಿನ ಹುಟ್ಟೂರೂ ಒಂದೇ ಎಂಬುದು ಯಾರ ಕಣ್ಣಿಗೂ ಬಿದ್ದಿರಲಿಲ್ಲ.

ಗೊತ್ತಾಗುವುದು ಬೇರೆ, ತೋರಿಸುವುದು ಬೇರೆ. ತಾಯಂದಿರ ಮಾತನ್ನು ಕಚೇರಿ ಪುರಾವೆ ಎಂದು ಒಪ್ಪುವುದಿಲ್ಲ. ಆ ತೊಡಕನ್ನು ಬಿಡಿಸಿದವನು ಟೀಕೆಯವನು.

"ತೋಳು ನೋಡ್ರಿ," ಅಂದ. "ನಮ್ ಕಡಿ ಎರಡು ಗೀರು ಹಾಕ್ತೀವ್ರಿ. ಸೋಲಾಪುರದಾಗ ನಾಕು ಹಾಕ್ತಾರ. ಚೊಚ್ಚಲು ಕೂಸು ಬರೋವಾಗ್ಲೇ ನಾಕು ಗೀರು ಹೊತ್ಕೊಂಡು ಬರ್ತದ. ನನ್ನ ರಜಿಸ್ಟರದಾಗ ಬರದೀನಿ, ಮತ್ತ ಹಾಕಬಾರ್ದಲ್ರಿ, ಅದಕ್ಕ."

ಹನ್ನೆರಡು ವರ್ಷದ ರಜಿಸ್ಟರು. ಪ್ರತಿ ಹಳ್ಳಿಯ ಪ್ರತಿ ಕೂಸು. ಬಂದ ತಿಂಗಳು, ತಂದವರ ಹೆಸರು, ಗೀರು ಎಷ್ಟು. ದೊಡ್ಡವರಿಗೆ ರಜಿಸ್ಟರು ಇಲ್ಲ, ತೋಳು ಇದೆ. ಹಾಗೆ ನಾವು ಹನ್ನೊಂದು ದಿನ ಹಳ್ಳಿ ಹಳ್ಳಿ ತಿರುಗಿ ಅಂಗಿ ತೋಳು ಮಡಿಸಿಸಿದೆವು. ಚೀಟಿಯಲ್ಲಿ ಹೊರಗಿನವನು ಎಂದಿದ್ದವನ ತೋಳಲ್ಲಿ ನಾಲ್ಕು ಗುರುತು, ಪಕ್ಕದಲ್ಲಿ ನಿಂತ ತಮ್ಮನ ತೋಳಲ್ಲಿ ಎರಡು. ಒಂದು ಹಾಳೆಯಲ್ಲಿ ಮನೆ ನಂಬರು, ಎದುರಿಗೆ ನಾಲ್ಕು, ಎರಡು, ಎರಡು ಎಂದು ಬರೆಯುತ್ತಾ ಹೋದೆ. ಒಂದು ಸಂತೆ ಊರಿಗೆ ಬಂದಾಗ ಹಾಳೆಗಳು ತೀರಿಹೋಗಿ, ಅಂಗಡಿಯಲ್ಲಿ ಪೊಟ್ಟಣ ಕಟ್ಟುವ ಕಾಗದ ಕೊಂಡೆ.

ಅಲ್ಲೇ ಒಂದು ಬಾವಿಯ ಹತ್ತಿರ ಕೈಕಾಲು ತೊಳೆಯುವಾಗ ಅವನು ನನ್ನ ತೋಳು ನೋಡಿದ. ನಾನು ಅಂಗಿ ಕೆಳಗೆಳೆದೆ.

"ನಾಕು," ಅಂದ.

ನಾನು ತಾಂಡೂರಿನವನು, ಮನೆಯ ಹಿರಿಮಗ. ನನ್ನ ತಾಯಿಯ ತವರು ಅಕ್ಕಲಕೋಟೆ ಕಡೆ, ನಿಜಾಮರ ರಾಜ್ಯದ ಹೊರಗೆ. ನನ್ನ ಅರ್ಜಿಯಲ್ಲಿ ಹುಟ್ಟಿದ ಊರು ತಾಂಡೂರು ಎಂದು ಬರೆದಿದ್ದೆ. ಸಾಹೇಬರಿಗೆ ಗೊತ್ತಿರಲಿಲ್ಲ.

"ನಾ ಯಾರಿಗಿ ಹೇಳ್ಲಿ ಬಿಡ್ರಿ," ಅಂದ ಅವನು. "ತೋಳ ನೋಡೋದು ನನ್ನ ಕೆಲಸ, ಹೇಳೋದು ಅಲ್ಲ."

ಅವನು ಹೇಳಲಿಲ್ಲ. ಕೊನೆಯವರೆಗೂ ಹೇಳಲಿಲ್ಲ.

"ನಿನ್ನ ಚೀಟಿ ಹ್ಯಾಂಗದ?" ಎಂದು ನಾನೂ ಕೇಳಿದೆ, ಸುಮ್ಮನೆ ಮಾತು ಮುಂದುವರಿಯಲೆಂದು.

"ನಂದೇನು ಚಿಂತಿ ಇಲ್ರಿ. ನಾ ಇದೇ ಸೀಮ್ಯಾಗ, ನಮ್ಮೂರಾಗೇ ಹುಟ್ಟೀನಿ. ನಮ್ಮವ್ವ ಎಲ್ಲಿಗೂ ಹೋಗಿಲ್ಲ. ಅಕಿಗಿ ತವರೂ ಅದೇ, ಅತ್ತಿಮನಿನೂ ಅದೇ."

ಊರೊಳಗೇ ಸಂಬಂಧ ಇರಬೇಕು ಎಂದುಕೊಂಡೆ. ಮುಂದೆ ಕೇಳಲಿಲ್ಲ. ಕೇಳುವುದನ್ನೇ ಕಲಿತವನು ಅಲ್ಲಿ ಕೇಳಲಿಲ್ಲ.

ಹದಿನಾಲ್ಕನೇ ದಿನ, ನಾವು ತಂಗಿದ್ದ ನಾರಾಯಣಖೇಡದ ಮುಸಾಫಿರ್‌ಖಾನೆಯಲ್ಲಿ ಕರಡು ಬರೆಯಲು ಕುಳಿತೆ. ಎರಡು ದಾರಿ ಕಂಡವು. ಒಂದು, ಮುಲ್ಕಿ ಅರ್ಜಿಯ ಈಗಿನ ನಮೂನೆಯನ್ನೇ ಇಟ್ಟುಕೊಂಡು, ಚೊಚ್ಚಲು ಮಕ್ಕಳಿಗೆ ವಿನಾಯಿತಿ ಕೊಡಿ ಎಂದು ಬರೆಯುವುದು. ಪ್ರತಿಯೊಬ್ಬನಿಗೂ ತಾಯಿಯ ಹೇಳಿಕೆ, ಟೀಕೆ ರಜಿಸ್ಟರಿನ ನಕಲು, ಪಟೇಲನ ಸಹಿ ಬೇಕು. ಉದ್ದ, ಗೋಜಲು. ಇನ್ನೊಂದು, ಪ್ರಶ್ನೆಯನ್ನೇ ಬದಲಿಸುವುದು. ಹುಟ್ಟಿದ ಊರು ಯಾವುದು ಎಂಬುದನ್ನು ತೆಗೆದು, ತಂದೆಯ ಮನೆ ಯಾವ ಊರಲ್ಲಿದೆ ಎಂದು ಕೇಳುವುದು. ಒಂದೇ ಸಾಲು. ಮುಲ್ಕಿಯ ಕಾನೂನೂ ಹೇಗೂ ತಂದೆಯನ್ನೇ ನೋಡುತ್ತದೆ, ನಮೂನೆ ಮಾತ್ರ ಹುಟ್ಟೂರು ಕೇಳುತ್ತದೆ ಎಂದು ತೋರಿಸಬಹುದಿತ್ತು. ಎದುರಾಳಿಯ ಕಾನೂನಿನಿಂದಲೇ ಎದುರಾಳಿಯನ್ನು ಕೆಡವುವುದು. ಬರೆದದ್ದನ್ನು ಗಟ್ಟಿಯಾಗಿ ಓದಿದೆ.

ಟೀಕೆಯವನು ಹೊರಗೆ ಕಟ್ಟೆಯ ಮೇಲೆ ಸೂಜಿಗಳನ್ನು ಕುದಿಯುವ ನೀರಿನಿಂದ ತೆಗೆದು ಬಟ್ಟೆಯ ಮೇಲೆ ಹರಡುತ್ತಿದ್ದ.

"ಬೆಳೆದದ್ದು ಎಲ್ಲಿ ಅಂತ ಕೇಳಿದ್ರ ಆಗಂಗಿಲ್ಲೇನ್ರಿ?" ಅಂದ.

"ಬೆಳೆದದ್ದಕ್ಕ ಪುರಾವೆ ಏನು?"

"ಊರು ಹೇಳ್ತದಲ್ರಿ."

"ಊರು ಯಾವಾಗ ಒಂದೇ ಮಾತ ಹೇಳ್ಯದ? ಇವತ್ತ ಒಬ್ಬಾಂವ ಹೂಂ ಅಂತಾನ, ನಾಳಿ ಅವನ ದಾಯಾದಿ ಊಹೂಂ ಅಂತಾನ. ತಂದಿ ಮನಿ ಅಂದ್ರ ಜಾಗ ಇರ್ತದ, ಪಹಣಿ ಇರ್ತದ, ಹೆಸರು ಇರ್ತದ. ಯಾರೂ ಇಲ್ಲಂತ ಅನ್ನಾಕ ಬರಂಗಿಲ್ಲ."

"ಖರೆ," ಅಂದ ಅವನು. ಒಂದು ಸೂಜಿ ಎತ್ತಿ ಬೆಳಕಿಗೆ ಹಿಡಿದು ನೋಡಿದ. "ನಿಮ್ಮ ಸಂಗಾಟ ವಾದ ಮಾಡಾಕ ನನಗ ಬರಂಗಿಲ್ರಿ."

ಮೊದಲ ಕರಡನ್ನು ಹರಿದುಹಾಕಿದೆ. ಒಂದು ಸಾಲಿನ ಕರಡನ್ನು ಇಟ್ಟುಕೊಂಡೆ.

ಸಾಹೇಬರು ಅದನ್ನು ಅರ್ಧ ದಿನ ಪರೀಕ್ಷಿಸಿದರು. "ತಂದಿನೂ ಚೊಚ್ಚಲು ಇದ್ರ? ಅವನೂ ಹೊರಗ ಹುಟ್ಟಿದ್ರ?" ಎಂದು ಕೇಳಿದರು. ಅದಕ್ಕೇ ತಂದೆಯ ಹುಟ್ಟೂರು ಕೇಳಬಾರದು, ಮನೆ ಕೇಳಬೇಕು ಎಂದೆ. ತೋಳಿನ ಪಟ್ಟಿಯನ್ನು ಮುಂದಿಟ್ಟೆ. ನಾಲ್ಕು, ಎರಡು, ಎರಡು. ನಾಲ್ಕು, ಎರಡು. ಅವರು ಕನ್ನಡಕ ತೆಗೆದು, "ಭಲೇ," ಅಂದರು. ಹೊರಗಿನವರ ಕಟ್ಟು ಅರ್ಧಕ್ಕಿಂತ ಕೆಳಗಿಳಿಯಿತು. ಎರಡು ಗುಂಪಿನವರೂ ಆಮೇಲೆ ಹೊಸ ಅಂಕಿಯನ್ನು ನಂಬಲಿಲ್ಲ ಎಂದು ಕೇಳಿದೆ. ಅದರ ಬಗ್ಗೆ ನನಗೆ ಆಶ್ಚರ್ಯವಿಲ್ಲ.

ಮಳೆಗಾಲ ಕಳೆದು ಹುಕುಂ ಬಂತು, ಹೊಸ ನಮೂನೆಯ ಜೊತೆ. ಹುಟ್ಟಿದ ಊರಿನ ಕಾಲಂ ಇರಲಿಲ್ಲ. ಆ ಜಾಗದಲ್ಲಿ ನನ್ನ ಸಾಲು: ತಂದೆಯ ಹೆಸರು, ತಂದೆಯ ಮನೆ. ನಾನು ತುಂಬಿದೆ. ಈ ಸಲ ಸುಳ್ಳು ಬರೆಯುವ ಅಗತ್ಯ ಬೀಳಲಿಲ್ಲ. ಎಣ್ಣೆ ಗಾಣದವರ ಹಿರಿಮಗನೂ ಅರ್ಜಿ ಹಾಕಿದ.

ಒಂದು ಮಧ್ಯಾಹ್ನ ಸಾಹೇಬರು ಕರೆದರು. ಮೇಜಿನ ಮೇಲೆ ಒಂದು ನಮೂನೆ ಇತ್ತು. ಅವರು ನಗುತ್ತಿದ್ದರು, ಪಕ್ಕದಲ್ಲಿ ನಿಂತಿದ್ದ ಗುಮಾಸ್ತನೂ ನಗುತ್ತಿದ್ದ.

"ನೋಡಪಾ ನಿನ್ನ ಕಾಲಂ."

ಟೀಕೆಯವನ ನಮೂನೆ. ಅವನ ದುಂಡನೆಯ ಕೈಬರಹ. ತಂದೆಯ ಹೆಸರು: ಹನುಮಂತ ದೇವರು. ತಂದೆಯ ಮನೆ: ಊರ ಗುಡಿ.

ಅವನ ತಾಯಿ ಜೋಗಿಣಿ. ಚಿಕ್ಕವಳಿದ್ದಾಗ ಮನೆಯವರು ಹರಕೆ ಹೊತ್ತು, ಊರ ಹನುಮಂತನ ಹೆಸರಲ್ಲಿ ಅವಳಿಗೆ ತಾಳಿ ಕಟ್ಟಿಸಿದ್ದರು. ದೇವರ ಹೆಂಡತಿ, ಊರಿನ ಹೆಂಗಸು. ಅವಳಿಗೆ ಹುಟ್ಟಿದ ಮಕ್ಕಳಿಗೆ ತಂದೆ ಯಾರು ಎಂದು ಯಾರೂ ಕೇಳುತ್ತಿರಲಿಲ್ಲ, ಯಾರೂ ಹೇಳುತ್ತಲೂ ಇರಲಿಲ್ಲ. ಹಳೆಯ ನಮೂನೆ ಅವನನ್ನು ಹುಟ್ಟೂರು ಕೇಳುತ್ತಿತ್ತು. ಅವನು ಬರೆಯುತ್ತಿದ್ದ. ಹನ್ನೆರಡು ವರ್ಷ ಅಷ್ಟೇ ಸಾಕಾಗಿತ್ತು.

ಬಾಯಿ ತಾನಾಗಿ ಕೆಲಸ ಶುರು ಮಾಡಿತು.

"ಸಾಹೇಬ್ರ, ನಮೂನೆಯೊಳಗ ತಂದಿ ಅಂದ್ರ ಮನುಷ್ಯನೇ ಇರಬೇಕಂತ ಬರದಿಲ್ಲ. ತಾಳಿ ಕಟ್ಟಿದ್ದಕ್ಕ ಊರು ಸಾಕ್ಷಿ ಅದ. ಗುಡಿ ಇಲ್ಲೇ ಅದ. ಹನುಮಂತ ದೇವರ ಮನಿ ನಮ್ಮ ನಿಮ್ಮ ಮನಿಗಿಂತ ಹಳೇದು."

"ಮನಿ ಅದ. ಹುಟ್ಟಿದ್ದೆಲ್ಲಿ ಹನುಮಂತ?"

"ಅಂಜನಾದ್ರಿ, ಆನೆಗೊಂದಿ ಹತ್ರ. ಅದೂ ನಮ್ಮ ಸರ್ಕಾರದ ಸೀಮೆನೇ. ಹುಟ್ಟಿನಿಂದಲೂ ಮುಲ್ಕಿ."

ಗುಮಾಸ್ತ ಗೋಡೆ ಹಿಡಿದು ನಕ್ಕ. ಸಾಹೇಬರ ಕಣ್ಣಲ್ಲಿ ನೀರು ಬಂತು. ನನ್ನ ಜೀವನದಲ್ಲಿ ಅಷ್ಟು ಒಳ್ಳೆಯ ಉತ್ತರವನ್ನು ಅಷ್ಟು ಬೇಗ ನಾನು ಕೊಟ್ಟಿರಲಿಲ್ಲ. ಅವರು ನಗು ಮುಗಿಸಿ ಕಣ್ಣೊರೆಸಿಕೊಂಡರು.

"ದೇವರು ಹಾಜರಾಗಿ ಸಹಿ ಹಾಕಂಗಿಲ್ಲ ಬೇಟಾ. ಯಾರಾದ್ರೂ ಮನುಷ್ಯಾಂದ ಹೆಸರು ಬರಸು. ಹೂಂ ಅನ್ನೋ ಒಬ್ಬಾಂವ ಸಿಕ್ರ ಸಾಕು. ಎಂಟ ದಿನ ನಿಲ್ಲಸ್ತೀನಿ."

"ಹುಟ್ಟಿದ ಊರ ನೋಡಿ ಕೊಡಬಹುದಲ್ರಿ? ಹಳೇ ಚೀಟಿ ಅದ."

"ಅದು ನಂಬಾಕ ಯೋಗ್ಯ ಅಲ್ಲಂತ ಬರದಾಂವ ನೀನೇ ಅಲ್ಲೇನು?"

ಕರಡಿನ ಪ್ರತಿ ಅವರ ಕಡತದಲ್ಲೇ ಇತ್ತು. ತೆಗೆದು ತೋರಿಸುವ ಕಷ್ಟ ಅವರು ತೆಗೆದುಕೊಳ್ಳಲಿಲ್ಲ.

ನಾರಾಯಣಖೇಡಕ್ಕೆ ಮೋಟಾರಿನಲ್ಲಿ ಹೋಗಿ, ಅಲ್ಲಿಂದ ಅವನ ಊರಿಗೆ ನಡೆದೆ. ಪಟೇಲರ ಚಾವಡಿಯಲ್ಲಿ ಏಳೆಂಟು ಜನ ಹಿರಿಯರು ಸೇರಿದ್ದರು. ವಿಷಯ ಹೇಳಿದೆ. ಒಂದು ಹೆಸರು ಸಾಕು ಎಂದೆ. ಆಸ್ತಿ ಕೇಳುವುದಿಲ್ಲ, ಹಕ್ಕು ಕೇಳುವುದಿಲ್ಲ, ಬರೆದು ಕೊಡುತ್ತಾನೆ ಎಂದೆ. ಇವನು ನಿಮ್ಮ ಮೊಮ್ಮಕ್ಕಳಿಗೆ ಸಿಡುಬು ಬರದಂತೆ ನೋಡಿಕೊಂಡವನು ಎಂದೆ. ಮೂರು ಬಗೆಯಲ್ಲಿ ವಾದ ಮಾಡಿದೆ. ಎಲ್ಲರೂ ಹೌದು ಹೌದು ಅಂದರು.

"ಛಲೋ ಮನಷ್ಯಾ ಅವ," ಅಂದರು ಪಟೇಲರು. "ಸರ್ಕಾರಕ್ಕ ಹಂಗ ಬರೀರಿ."

"ಹೆಸರು?"

ಒಬ್ಬರು ಎದ್ದು ಎಮ್ಮೆಗೆ ನೀರು ತೋರಿಸಬೇಕು ಎಂದು ಹೋದರು. ಆಮೇಲೆ ಇನ್ನೊಬ್ಬರು ಹೋದರು. ಸ್ವಲ್ಪ ಹೊತ್ತಿಗೆ ಚಾವಡಿಯಲ್ಲಿ ಪಟೇಲರೂ ನಾನೂ ಉಳಿದೆವು. ಪಟೇಲರು ಬೀಡಿ ಹಚ್ಚಿ ಬೇರೆ ಕಡೆ ನೋಡಿದರು.

ಟೀಕೆಯವನು ಬೇವಿನ ಮರದ ಕೆಳಗೆ ಕಾಯುತ್ತಿದ್ದ. ನನ್ನ ಮುಖ ನೋಡಿಯೇ ಗೊತ್ತಾಯಿತು.

"ನೀವು ಕೇಳಬಾರ್ದಿತ್ರಿ," ಅಂದ. ಸಿಟ್ಟಿನಿಂದಲ್ಲ. "ಮೂವತ್ತೈದ ವರ್ಷ ಈ ಊರಾಗ ಯಾರೂ ಕೇಳಿದ್ದಿಲ್ಲ. ನಾ ಎಲ್ಲರ ಮನ್ಯಾಗ ಹೋಗ್ತಿದ್ದೆ. ಇನ್ನ ನಾ ಯಾರ ಮನಿ ಮುಂದ ನಿಂತ್ರೂ, ಆ ಮನಿ ಹಿರ್ಯಾ ಏನ್ ಅನ್ಕೋತಾನ?"



"ಮುಸಾಫಿರ್‌ಖಾನ್ಯಾಗ ನೀ ಹೇಳಬಹುದಿತ್ತಲ್ಲ," ಅಂದೆ. ಅಂಥ ಮಾತನ್ನೂ ಆಡಿದೆ.

"ಹೇಳಿದ್ನಲ್ರಿ. ಬೆಳೆದದ್ದು ಎಲ್ಲಿ ಅಂತ ಕೇಳ್ರಿ ಅಂತ."

ಎಂಟು ದಿನ ಮುಗಿದವು. ನನ್ನ ಕಾಯಂ ಹುಕುಂ ಮತ್ತು ಅವನು ಜಾಗ ಖಾಲಿ ಮಾಡಬೇಕೆಂಬ ಹುಕುಂ ಒಂದೇ ಟಪಾಲಿನಲ್ಲಿ ಬಂದವು. ಆ ಜಾಗ ಎಣ್ಣೆ ಗಾಣದವರ ಹಿರಿಮಗನಿಗೆ ಸಿಕ್ಕಿತು. ಅದೇ ಊರು, ಅರ್ಜಿ ಸರಿ, ಓದು ಬರಹ ಬರುತ್ತದೆ. ಯಾವ ತಪ್ಪೂ ಇರಲಿಲ್ಲ. ಸಾಮಾನು ಒಪ್ಪಿಸುವಾಗ ಸಾಕ್ಷಿ ಸಹಿಗೆ ನನ್ನನ್ನೇ ಕಳಿಸಿದರು.

ಚಾವಡಿಯಲ್ಲಿ ಪೆಟ್ಟಿಗೆ ತೆರೆದಿಟ್ಟಿದ್ದ. ಸೂಜಿ ಆರು. ಗಾಜಿನ ಕೊಳವೆ ಹನ್ನೊಂದು, ಅದರಲ್ಲಿ ಒಂದು ಸೀಳು ಬಿಟ್ಟಿದೆ. ಸ್ಪಿರಿಟ್ಟಿನ ಬಾಟಲಿ, ಅರ್ಧ. ರಜಿಸ್ಟರು ನಾಲ್ಕು. ಒಂದೊಂದನ್ನೂ ಎತ್ತಿ ತೋರಿಸಿ ಹೊಸಬನ ಕೈಗೆ ಕೊಟ್ಟ. ಮೊದಲ ಕೂಸನ್ನು ತಂದಾಗ ಸೂಜಿ ತೋಳಿನ ಮೇಲೆ ನಿಂತೇಬಿಟ್ಟಿತು. ಟೀಕೆಯವನು ಹಿಂದಿನಿಂದ ಅವನ ಮುಂಗೈ ಹಿಡಿದ.

"ರಕ್ತ ಬರಬಾರ್ದು. ತೊಗಲಿಗಿ ಹತ್ಬೇಕು, ಅಷ್ಟೇ. ಹಾಂ. ಇನ್ನೊಂದು."

ಕೂಸು ಅತ್ತಿತು. ಎರಡು ಗೀರು.

ನಾನು ಸಹಿ ಹಾಕಿದೆ. ಹೊರಡುವಾಗ ದಾರಿ ಅವನ ಮನೆಯ ಮುಂದೆಯೇ ಇತ್ತು. ಅವನ ತಾಯಿ ಹೊರಗೆ ಗೋಡೆಗೆ ಒರಗಿ ಕುಳಿತಿದ್ದಳು. ಕಣ್ಣು ಮಂಜು. ಹೆಜ್ಜೆ ಸಪ್ಪಳಕ್ಕೆ ತಲೆಯೆತ್ತಿದಳು. ನಮ್ಮ ಕಡೆ ಮುದುಕರು ಗುರುತಿಲ್ಲದವರನ್ನು ಕೇಳುವುದು ಒಂದೇ ಮಾತು.

"ಯಾರ ಮಗಪಾ ನೀನು?"

ತಂದೆಯ ಹೆಸರು ಹೇಳಿದೆ. ತಾಂಡೂರು ಅಂದೆ. ಮನೆ ಎಲ್ಲಿ ಬರುತ್ತದೆ ಎಂಬುದನ್ನೂ ಹೇಳಿದೆ. ಯೋಚಿಸಬೇಕಾಗಲಿಲ್ಲ. ಎಲ್ಲಾ ಬಾಯಲ್ಲೇ ಇತ್ತು.

"ಛಲೋ ಆತು," ಅಂದಳು. "ಹೋಗು, ಮೋಟಾರಿಗಿ ಹೊತ್ತಾತು."